ಬೈಯಲು ಬಂದವಳಿಗೆ

ಚಿಪಾಟಾ
ಜುಲೈ ೧೯

ಕೋತಿ ತಿಂದು ಬೆಳೆದ ಕಸಾಮಾ ಊರಿನ ನನ್ನ ಬನಾ ಚಿಲೆಶೆಗೆ,

ಇಲಿ ತಿನ್ನುವವಳಾದ ಜೊಂಡಿವೆ ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ನಿನ್ನ ಕ್ಷೇಮವನ್ನು ನಾನು ಕೇಳುವುದಿಲ್ಲ. ಕೇಳಿದರೆ ನೀನು ನಿಜ ಹೇಳುವವಳಲ್ಲ.

ಫೋನು ಇರುವಾಗ ಪತ್ರ ಯಾಕೆ ಎಂದು ಮೂಗು ಮುರಿಯಬೇಡ. ಫೋನಿನಲ್ಲಿ ನಿನ್ನ ಜೊತೆ ಮಾತಾಡಿ ಗೆದ್ದವರು ಯಾರೂ ಇಲ್ಲ. ನಾನು ಅರ್ಧ ಮಾತು ಆಡುವಷ್ಟರಲ್ಲಿ ನೀನು ಹತ್ತು ಮಾತು ಆಡಿ, ನಕ್ಕು, ಇಟ್ಟುಬಿಡುತ್ತೀಯ. ನಾನು ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಕಾಗದದ ನಡುವೆ ನೀನು ಬಾಯಿ ಹಾಕಲಾರೆ. ಅದಕ್ಕೇ ಕುಳಿತು ಪೂರ್ತಿ ಓದು. ನಿನ್ನನ್ನು 'ಬನಾ', ಅಂದರೆ ತಾಯಿ, ಎನ್ನಿಸಿದ ಮಗಳು ಚಿಲೆಶೆಯ ಕೈಲಿ ಓದಿಸಿಕೊಂಡರೂ ಸರಿ, ಆದರೆ ಅವಳು ಅಳುಮುಂಜಿ, ನಡುವೆಯೇ ನಿಲ್ಲಿಸಿಬಿಟ್ಟಾಳು.

ನಮ್ಮವರನ್ನು ಮಣ್ಣು ಮಾಡಿದ ದಿನ ನೀನು ಬಂದೆಯಲ್ಲ, ಎರಡು ದಿನ ಬಸ್ಸಿನಲ್ಲಿ ಕುಲುಕಿಸಿಕೊಂಡು, ಅಷ್ಟು ಜನರ ನಡುವೆ ಅವರನ್ನು ಬಾಯಿಗೆ ಬಂದಂತೆ ಬೈದೆಯಲ್ಲ, ಅದಕ್ಕೆ ಕೃತಜ್ಞತೆ ಹೇಳಲು ಈ ಪತ್ರ. ಆ ದಿನ ಹೇಳಲಾಗಲಿಲ್ಲ. ಗಂಡ ಸತ್ತವಳು ಚಾಪೆಯ ಮೇಲೆ ತಲೆ ತಗ್ಗಿಸಿ ಕೂರಬೇಕೇ ಹೊರತು ಎದ್ದು ಬಂದವರಿಗೆ ಉಪಚಾರದ ಮಾತು ಹೇಳುವಂತಿಲ್ಲ. ಈಗ ಚಾಪೆ ಮಡಿಸಿಟ್ಟಾಗಿದೆ, ಬಾಯಿ ಬಿಚ್ಚುವಂತಾಗಿದೆ, ಕೇಳು.

ನಿನಗೆ ಮೊದಲ ದಿನ ನೆನಪಿದೆಯೇ? ನಮ್ಮಿಬ್ಬರ ಗಂಡಂದಿರು ಕಸಾಮಾದ ಒಂದೇ ಶಾಲೆಯಲ್ಲಿ ಮೇಷ್ಟ್ರು. ನಾನು ಸಾಮಾನು ಇಳಿಸುತ್ತಿದ್ದೆ. ನೀನು ಬೇಲಿಯ ಮೇಲೆ ಕತ್ತು ಚಾಚಿ, "ಏನಮ್ಮಾ, ನೀವು ನ್ಗೋನಿಗಳ ಮನೇಲಿ ಬೆಕ್ಕು ಸಾಕಲ್ವಂತೆ? ಪಾಪ, ಅದರ ಹೊಟ್ಟೆಗೂ ಒಂದು ಇಲಿ ಉಳಿಸಲ್ವಂತೆ ನೀವು?" ಎಂದು ಕೇಳಿದೆ. ನಾನು ಕೈಲಿದ್ದ ಪಾತ್ರೆ ಕೆಳಗಿಟ್ಟು, "ನಮ್ಮೂರಲ್ಲಿ ಹುಡುಕಿದರೆ ಇಲಿಯಾದ್ರೂ ಸಿಗುತ್ತೆ. ನಿಮ್ಮ ಬೆಂಬಾ ಕಾಡಲ್ಲಿ ಒಂದೇ ಒಂದು ಕೋತಿ ಉಳಿದಿದ್ರೆ ತೋರಿಸಿ ನೋಡೋಣ" ಎಂದೆ. ನೀನು ಬೇಲಿ ಅಲುಗಾಡುವಂತೆ ನಕ್ಕೆ. ಅವತ್ತು ಸಂಜೆ ನಿನ್ನ ಮನೆಯ ಸೊಪ್ಪಿನ ಸಾರು, ನನ್ನ ಮನೆಯ ಮುದ್ದೆ. ಊರು ಬಿಟ್ಟು ಬಂದ ದುಃಖ ಅವತ್ತೇ ಅರ್ಧ ಇಳಿಯಿತು.

ಈ ಬೈಗುಳದ ನೆಂಟಸ್ತಿಕೆಯನ್ನು ನಮ್ಮವರು ಮೈಕಿನ ಮುಂದೆ ಎಷ್ಟು ಸಲ ವಿವರಿಸಿದ್ದರೋ. ನಮ್ಮ ನ್ಗೋನಿ ಕುಲದ ಅಜ್ಜಂದಿರೂ ನಿಮ್ಮ ಬೆಂಬಾ ಕುಲದ ಅಜ್ಜಂದಿರೂ ಒಂದು ಕಾಲಕ್ಕೆ ಈಟಿ ಹಿಡಿದು ಹೊಡೆದಾಡಿದರಂತೆ. ಎರಡೂ ಕಡೆಯವರಿಗೆ ಸಾಕುಸಾಕಾದಾಗ ಈಟಿ ಕೆಳಗಿಟ್ಟು ನಾಲಿಗೆ ಎತ್ತಿಕೊಂಡರಂತೆ. ಅಂದಿನಿಂದ ಬೆಂಬಾದವರು ನ್ಗೋನಿಯವರನ್ನು ಏನು ಬೇಕಾದರೂ ಅನ್ನಬಹುದು, ನ್ಗೋನಿಯವರು ಬೆಂಬಾದವರನ್ನು ಏನು ಬೇಕಾದರೂ ಅನ್ನಬಹುದು, ಸಿಟ್ಟು ಮಾಡಿಕೊಂಡವನು ಸೋತ. ಸಾವಿನ ಮನೆಯಲ್ಲಂತೂ ಆ ನೆಂಟರು ಬಂದು ಹೆಣವನ್ನು ಬೈದ ಮೇಲೆಯೇ ಪೆಟ್ಟಿಗೆ ಎತ್ತುವುದು.

ನಿನ್ನ ಗಂಡ ಮ್ವಿಲಾ ತೀರಿಕೊಂಡಾಗ ನಮ್ಮವರು ಮಾಡಿದ್ದನ್ನು ಕಸಾಮಾದವರು ಇನ್ನೂ ಹೇಳಿಕೊಂಡು ನಗುತ್ತಾರಂತೆ. ತೋಡಿದ ಗುಂಡಿಗೆ ಇಳಿದು, ಅಂಗಾತ ಮಲಗಿ, "ಎಂಥ ಮೆತ್ತಗಿನ ಮಣ್ಣು! ಇದನ್ನ ಒಬ್ಬ ಬೆಂಬಾಗೆ ಕೊಡೋದಾ? ಅವನನ್ನ ಮರದ ಮೇಲೆ ಕೂರಿಸಿ, ಅವನ ನೆಂಟರೆಲ್ಲ ಅಲ್ಲೇ ಇರೋದು" ಎಂದು ಹಟ ಹಿಡಿದರು. ಹುರಿದ ಕೋಳಿ ಬರುವ ತನಕ ಏಳಲಿಲ್ಲ. ಗುಂಡಿಯೊಳಗೇ ಕುಳಿತು ಕೋಳಿ ತಿಂದರು. ಆಮೇಲೆ ಮೇಲಕ್ಕೆ ಬಂದು, ನನ್ನ ಕೈ ಹಿಡಿದುಕೊಂಡು, ಶಾಲೆಯ ಹಿಂದೆ ಹೋಗಿ ಮಗುವಿನಂತೆ ಅತ್ತರು. ಇದನ್ನು ನಾನು ನಿನಗೆ ಈ ತನಕ ಹೇಳಿರಲಿಲ್ಲ. ಮ್ವಿಲಾ ಅಂದರೆ ಅವರಿಗೆ ಅಷ್ಟು ಪ್ರೀತಿ.

ಚಿಪಾಟಾಕ್ಕೆ ಬಂದು ದೊಡ್ಡ ಹುದ್ದೆ ಸಿಕ್ಕ ಮೇಲೆ ಅವರು ಈ ಊರಿನ ಮೈಕು ಆಗಿಬಿಟ್ಟರು. ಬಾವುಟ ಹಾರಿಸಲಿ, ಸೇತುವೆ ತೆರೆಯಲಿ, ಆಸ್ಪತ್ರೆಗೆ ಹೊಸ ಕೋಣೆ ಕಟ್ಟಿಸಲಿ, ಸಭೆ ನಡೆಸಿಕೊಡುವುದು ಯೋತಾಮು ಜೆರೆ. ಯಾವ ಸಮಾರಂಭವಾದರೂ ಹಿಂದಿನ ದಿನವೇ ಸೈಕಲ್ ಹತ್ತಿ, ಅತಿಥಿಗಳು ಇಳಿದುಕೊಂಡಲ್ಲಿಗೆ ಹೋಗಿ, "ನಿಮ್ಮಲ್ಲಿ ಇದನ್ನ ಹೇಗೆ ಮಾಡ್ತೀರಿ?" ಎಂದು ಕೇಳಿ ಬರುತ್ತಿದ್ದರು. ಚೇವಾದವರ ಮುಖವಾಡದ ಕುಣಿತವಿದ್ದರೆ, ಮುಖವಾಡದ ಹಿಂದಿರುವವನು ತಮ್ಮ ಶಿಷ್ಯನೇ ಎಂದು ಗೊತ್ತಿದ್ದರೂ ಗೊತ್ತಿಲ್ಲದವರಂತೆ ನಿಲ್ಲುತ್ತಿದ್ದರು. ಗುಜರಾತಿ ಅಂಗಡಿಯವರು ಆಸ್ಪತ್ರೆಯ ಕೋಣೆಗೆ ದೀಪ ಹಚ್ಚಿದಾಗ ಎಲ್ಲರಿಗಿಂತ ಮೊದಲು ಬೂಟು ಬಿಚ್ಚಿದವರು ಇವರೇ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಮೇಯರ್ ಹೆಂಡತಿ ಪಕ್ಕದಲ್ಲಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮನೆಗೆ ಬಂದು ರೇಗಿದರೆ, "ಹೆಬ್ಬೆರಳೂ ಮರ್ಯಾದೆ ತೋರಿಸ್ತು ಬಿಡು" ಎಂದರು.

ಅಂಥವರು ಹಾಸಿಗೆ ಹಿಡಿದಾಗ ನನ್ನಲ್ಲಿ ಕೇಳಿದ್ದು ಒಂದೇ. "ಜೊಂಡಿವೆ, ನಾನು ಹೋದಾಗ ಭಾಷಣಗಾರರ ಕೈಗೆ ನನ್ನನ್ನ ಕೊಟ್ಟುಬಿಡಬೇಡ. ಬನಾ ಚಿಲೆಶೆಗೆ ಹೇಳಿಕಳಿಸು. ಅವಳು ಬೈದು ಕಳಿಸದಿದ್ರೆ ನಾನು ಹೋದ ಹಾಗೇ ಆಗಲ್ಲ" ಎಂದಿದ್ದರು. ನಾನು ಆಗಲಿ ಎಂದು ಮಾತು ಕೊಟ್ಟಿದ್ದೆ.

ಆದರೆ ಅವರು ಕಣ್ಣು ಮುಚ್ಚಿದ ಮರುದಿನ ಲುಸಾಕಾದಿಂದ ಮಗ ಬಂದ. ವೇಜಿಯನ್ನು ನೀನು ಎತ್ತಿ ಆಡಿಸಿದವಳು, ಅವನು ಕೆಟ್ಟವನಲ್ಲ ಎಂದು ನಿನಗೆ ಗೊತ್ತು. ನಗರಸಭೆಯವರು ಅಪ್ಪನಿಗೆ ಊರಿನ ಗೌರವ ಕೊಡುತ್ತೇವೆ ಎಂದಿದ್ದರು. ಶಾಲೆಯ ಮೈದಾನದಲ್ಲಿ ಶಾಮಿಯಾನ, ಸಾಲು ಸಾಲು ಕುರ್ಚಿ, ಮೇಯರ್ ಭಾಷಣ. ಇದೆಲ್ಲಕ್ಕಿಂತ ಹೆಚ್ಚಾಗಿ, ಮೊದಲ ಬಾರಿಗೆ ನಮ್ಮ ಊರಿಗೆ ಬೀಗರು ಬರುವವರಿದ್ದರು. ವೇಜಿಯ ಹೆಂಡತಿ ನ್ಯಾಮಿಜಿಯ ತಂದೆ ಮಗಂಗಾ, ತಾಂಜಾನಿಯಾದ ತಬೋರಾದವರು, ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು.

ವೇಜಿ ನನ್ನ ಪಕ್ಕ ಕುಳಿತು, "ಅಮ್ಮಾ, ಒಂದು ಮಾತು. ಮಾವನವರು ತುಂಬ ಗಂಭೀರ ಮನುಷ್ಯ. ಐದು ಹೊತ್ತು ನಮಾಜು ಮಾಡೋರು. ಅವರೆದುರಿಗೆ ಯಾರಾದ್ರೂ ಬಂದು ಅಪ್ಪನ್ನ ಇಲಿ ತಿನ್ನೋನು ಅಂತ ಕೂಗಾಡಿದ್ರೆ ಏನು ತಿಳ್ಕೊಳ್ತಾರೆ? ಅವರ ಕಡೆ ಸಾವಿನ ಮನೇಲಿ ಹೀಗೆಲ್ಲ ಮಾಡಲ್ಲ. ಅವರ ಪದ್ಧತಿಗೂ ನಾವು ಮರ್ಯಾದೆ ಕೊಡಬೇಕಲ್ವಾ? ಈ ಸಲ ಬೈಯೋದು ಬೇಡ" ಎಂದ. ಅವನ ಕಣ್ಣು ಅತ್ತು ಅತ್ತು ಊದಿತ್ತು. ನಾನು ಹೂಂ ಅಂದೆ. ಹೂಂ ಅಂದ ಬಾಯಿ ಆರುವ ಮೊದಲೇ ಹಿತ್ತಿಲಿಗೆ ಹೋಗಿ ನಿನಗೆ ಫೋನು ಮಾಡಿದೆ. "ಯೋತಾಮು ಹೋದರು" ಎಂದೆ. ನೀನು, "ಅಂತೂ ಇಲಿಗಳಿಗೆ ನೆಮ್ಮದಿ" ಎಂದು ಇಟ್ಟುಬಿಟ್ಟೆ. ನೀನು ಬರುತ್ತೀಯ ಎಂದು ಅಷ್ಟರಲ್ಲೇ ಗೊತ್ತಾಯಿತು.

ಬೀಗರು ಬಂದರು. ಬಿಳಿ ಟೋಪಿ, ಇಸ್ತ್ರಿ ಮಾಡಿದ ಉದ್ದನೆಯ ಅಂಗಿ, ಬಿಗಿದ ತುಟಿ. ಎರಡು ದಿನ ಮಾತೇ ಇಲ್ಲ. ಅವರಿಗೆ ಬರುವುದು ಸ್ವಾಹಿಲಿ, ನಮಗೆ ಅದು ಅಲ್ಲೊಂದು ಇಲ್ಲೊಂದು ಪದ. ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಗೇಟಿನ ಕಡೆಗೇ ನೋಡುತ್ತಿದ್ದರು. ಅವರಿಗೆಂದೇ ಅವರ ಧರ್ಮದವರ ಕೈಯಲ್ಲಿ ಕೊಯ್ಯಿಸಿದ ಕೋಳಿ, ಬೇರೆ ಪಾತ್ರೆಯಲ್ಲಿ ಅಡುಗೆ. ತಿಂದರು, ಕೈ ತೊಳೆದರು, ಮತ್ತೆ ಗೇಟು ನೋಡಿದರು. ಏನೋ ಕೊರತೆಯಾಗಿದೆ ಎಂದು ನಮಗೆ ಅನ್ನಿಸುತ್ತಿತ್ತು, ಏನೆಂದು ಕೇಳಲು ಯಾರಿಗೂ ಧೈರ್ಯವಿಲ್ಲ. ವೇಜಿ ಅವರ ಮುಖ ನೋಡಿದಾಗಲೆಲ್ಲ ಕೈಲಿದ್ದ ಕಾರ್ಯಕ್ರಮದ ಪಟ್ಟಿಯಿಂದ ಇನ್ನೊಂದು ಹಾಡು ತೆಗೆದುಹಾಕುತ್ತಿದ್ದ.

ನನ್ನ ವಿಷಯ ಹೇಳುತ್ತೇನೆ ಕೇಳು. ಅವರು ಹೋದಂದಿನಿಂದ ನನಗೆ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಹೆಂಗಸರು ಬಂದು ತಬ್ಬಿಕೊಂಡು ಅಳುವರು, ನಾನು ಒಣಗಿದ ಕಟ್ಟಿಗೆಯಂತೆ ಕೂತಿರುವೆ. ಎದೆಯ ಮೇಲೆ ಕಲ್ಲು ಹೇರಿದ ಹಾಗೆ. ಶಾಮಿಯಾನದಲ್ಲಿ ಅವರ ಪೆಟ್ಟಿಗೆಯ ಪಕ್ಕ ಚಾಪೆಯ ಮೇಲೆ ಕೂರಿಸಿದಾಗಲೂ ಅಷ್ಟೇ. ಮೇಯರ್ ಭಾಷಣದಲ್ಲಿ ಯಾರೋ ಮಹಾನುಭಾವನನ್ನು ಹೊಗಳುತ್ತಿದ್ದರು. ಆ ಮಹಾನುಭಾವ ನನ್ನ ಗಂಡ ಎಂದು ನನಗೆ ಅನ್ನಿಸಲೇ ಇಲ್ಲ. ನೀನಿನ್ನೂ ಬಂದಿಲ್ಲ, ನಾನು ಕೊಟ್ಟ ಮಾತು ತಪ್ಪಿಹೋಗುತ್ತದಲ್ಲ, ಅವರನ್ನು ಭಾಷಣಗಾರರ ಕೈಗೇ ಕೊಟ್ಟುಬಿಟ್ಟೆನಲ್ಲ ಎಂಬುದೊಂದೇ ತಲೆಯಲ್ಲಿ.

ಆಗ ಗೇಟಿನಿಂದ ನಿನ್ನ ಸ್ವರ ಬಂತು.

"ಅಯ್ಯೋ ಅಯ್ಯೋ ಅಯ್ಯೋ! ಚಿಪಾಟಾದ ಇಲಿಗಳಾ, ಬಿಲ ಬಿಟ್ಟು ಹೊರಗೆ ಬನ್ರವ್ವಾ! ನಿಮ್ಮನ್ನ ಹಿಡಿಯೋನು ಮಲಗ್ಬಿಟ್ಟ! ಇನ್ನು ಮಕ್ಕಳು ಮರಿ ಮಾಡ್ಕೊಂಡು ಸುಖವಾಗಿರಿ!"

ನೀನು ದಾರದ ತುದಿಗೆ ಒಣ ಇಲಿಗಳನ್ನು ಸಿಕ್ಕಿಸಿದ ಒಂದು ಕಡ್ಡಿ ಕಟ್ಟಿಕೊಂಡು, ಅದನ್ನು ಧೂಳಿನಲ್ಲಿ ಎಳೆಯುತ್ತಾ, ಸೊಂಟಕ್ಕೆ ಸುತ್ತಿದ ಚಿತೆಂಗೆ ಬಟ್ಟೆಯನ್ನು ಮೇಲಕ್ಕೆ ಸಿಕ್ಕಿಸಿ ಕುರ್ಚಿಗಳ ನಡುವೆಯೇ ನಡೆದು ಬಂದೆ. "ಬಾರೋ ಯೋತಾಮು, ಬಾ ಬಾ, ಇದರ ವಾಸನೆ ಹಿಡಿದು ಬಾ! ಬದುಕಿದ್ದಾಗ ಊಟ ಅಂದ್ರೆ ಓಡಿ ಬರ್ತಿದ್ದೋನು ಈಗ ಬಿಗುಮಾನ ಬಂತಾ?" ನಮ್ಮ ಮುದುಕರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನ್ನ ಎದೆಯ ಕಲ್ಲು ಒಂದಿಷ್ಟು ಅಲುಗಿತು.

ಅಷ್ಟರಲ್ಲಿ ವೇಜಿ ಎದ್ದು ಮೈಕು ತೆಗೆದುಕೊಂಡ. ಮುಖ ಸುಣ್ಣದಂತಾಗಿತ್ತು. "ಕ್ಷಮಿಸಿ, ಇದು ಕಾರ್ಯಕ್ರಮದಲ್ಲಿಲ್ಲ. ದಯವಿಟ್ಟು ಇವರನ್ನ ಹೊರಗೆ ಕರಕೊಂಡು ಹೋಗಿ" ಎಂದ. ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡ ಇಬ್ಬರು ನಿನ್ನ ತೋಳು ಹಿಡಿದರು. ನೀನು ಜಗಳವಾಡುತ್ತೀಯ, ನೆಲದ ಮೇಲೆ ಬಿದ್ದು ಹೊರಳುತ್ತೀಯ ಎಂದುಕೊಂಡೆ. ನೀನು ಏನೂ ಮಾಡದೆ ಅವರ ಜೊತೆ ಹೋದೆ. ಅವರು ನಿನ್ನನ್ನು ಎಳೆದೊಯ್ಯುತ್ತಿರುವಂತೆಯೇ ಕಾಣಲಿಲ್ಲ, ನೀನೇ ಅವರ ಮೇಲೆ ಭಾರ ಬಿಟ್ಟು ನಡೆಯುತ್ತಿರುವಂತೆ ಕಂಡಿತು. ಬಸ್ಸಿನ ದಣಿವು ಎಂದುಕೊಂಡೆ.

ಮೇಯರ್ ಭಾಷಣ ಎಲ್ಲಿ ಬಿಟ್ಟಿದ್ದೆ ಎಂದು ಹುಡುಕುತ್ತಿದ್ದರು. ಪೆಟ್ಟಿಗೆ ಹೊರಬೇಕಾದ ನಮ್ಮ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೈಕಟ್ಟಿ ನಿಂತರು. ಬೈಯಲು ಬಂದವಳನ್ನು ಅಟ್ಟಿದ ಮೇಲೆ ಮೊದಲ ಕೈ ಹಾಕುವವರು ಯಾರು?

ಆಗ ಬೀಗರು ಎದ್ದರು.

ವೇಜಿ, "ಅಯ್ಯೋ, ಮಾವನವರು ಹೊರಟರು" ಎಂದದ್ದು ನನಗೆ ಕೇಳಿಸಿತು. ಅವರು ಕೋಲೂರಿಕೊಂಡು ಕುರ್ಚಿಗಳ ನಡುವೆ ನಡೆದು ಹೋದರು. ಎಲ್ಲರ ಕಣ್ಣೂ ಅವರ ಬೆನ್ನ ಮೇಲೆ. ಗೇಟಿನ ಹತ್ತಿರ ನೀನು ನೀರಿನ ಡ್ರಮ್ಮಿನ ಮೇಲೆ ಕೂತಿದ್ದೆಯಂತೆ. ಅವರು ನಿನಗೆ ಬಗ್ಗಿ ನಮಸ್ಕರಿಸಿ, ತೋಳು ಕೊಟ್ಟು, ಅದೇ ದಾರಿಯಲ್ಲಿ ವಾಪಸು ಕರೆತಂದರು. ಇಲಿಯ ದಾರ ಅವರ ಕೈಯಲ್ಲಿತ್ತು! ನಿನ್ನನ್ನು ಮುಂದಿನ ಸಾಲಿನ ತಮ್ಮ ಕುರ್ಚಿಯಲ್ಲಿ ಕೂರಿಸಿ, ವೇಜಿಯ ಕಡೆ ತಿರುಗಿ ಸ್ವಾಹಿಲಿಯಲ್ಲಿ ದೊಡ್ಡ ಸ್ವರದಲ್ಲಿ ಏನೇನೋ ಹೇಳಿದರು. ಎರಡು ದಿನದ ಮಾತೆಲ್ಲ ಒಮ್ಮೆಗೇ ಬಂದಂತಿತ್ತು. ನ್ಯಾಮಿಜಿ ಹೊದ್ದ ಬಟ್ಟೆಯಲ್ಲಿ ಬಾಯಿ ಮುಚ್ಚಿಕೊಂಡು, ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದಂತೆ, ಎಲ್ಲರಿಗೂ ತಿಳಿಸಿ ಹೇಳಿದಳು.

"ಅಪ್ಪ ಹೇಳ್ತಿದಾರೆ, ನಮ್ಮ ನ್ಯಾಮ್ವೇಜಿ ಕುಲದಲ್ಲೂ ಹೀಗೆ ಬೈಯೋ ನೆಂಟರಿದಾರಂತೆ. ಅವರು ಬಂದು ಬೈಯದೆ ಹೆಣ ಎತ್ತೋದಿಲ್ವಂತೆ. ಎರಡು ದಿನದಿಂದ ಗೇಟು ನೋಡ್ತಾ ಕೂತಿದ್ರಂತೆ. ಬೈಯೋಕೆ ಒಬ್ಬರೂ ಇಲ್ಲದ ಎಂಥ ಅನಾಥರ ಮನೆಗೆ ಮಗಳನ್ನ ಕೊಟ್ಟುಬಿಟ್ಟೆ ಅಂತ ರಾತ್ರಿ ನಿದ್ದೆ ಬಂದಿಲ್ವಂತೆ. ಈಗ ಒಬ್ಬ ತಾಯಿ ಬಂದ್ರೆ ಅವರನ್ನೂ ಅಟ್ಟಿದ್ರಲ್ಲ, ನಿಮಗೆ ಬುದ್ಧಿ ಇದೆಯಾ ಅಂತ ಕೇಳ್ತಿದಾರೆ."

ವೇಜಿ ಹೆಂಡತಿಯ ಕಡೆ ತಿರುಗಿದ. "ನ್ಯಾಮಿಜಿ, ನೀನ್ಯಾಕೆ ಮೊದಲೇ ಹೇಳಲಿಲ್ಲ?" ಎಂದ.

"ನನ್ನನ್ನ ಯಾರು ಕೇಳಿದ್ರು?" ಎಂದಳು ಅವಳು.

ಬನಾ ಚಿಲೆಶೆ, ಆ ಕ್ಷಣದಲ್ಲಿ ನಾನು ನಮ್ಮವರ ಪೆಟ್ಟಿಗೆಯ ಕಡೆ ನೋಡಿದೆ. ಬದುಕಿದ್ದರೆ ಅವರು ಹಿಂದಿನ ದಿನವೇ ಸೈಕಲ್ ಹತ್ತಿ ಬೀಗರಿದ್ದಲ್ಲಿಗೆ ಹೋಗಿ ಕೇಳುತ್ತಿದ್ದ ಪ್ರಶ್ನೆ ಅದು. ಅವರ ಮಗ, ಬೀಗರಿಗೆ ಮರ್ಯಾದೆ ಕೊಡಬೇಕೆಂದು ಪಾಪ ಅಷ್ಟೆಲ್ಲ ಒದ್ದಾಡಿದ, ಅದೊಂದನ್ನು ಕೇಳುವುದು ಮಾತ್ರ ಬಿಟ್ಟುಬಿಟ್ಟ.

ನೀನು ಅವನಿಗೆ ವಿಧಿಸಿದ ದಂಡವನ್ನು ಈ ಊರು ಮರೆಯುವುದಿಲ್ಲ. "ಲೋ ವೇಜಿ, ನಿನ್ನ ಒದ್ದೆ ಬಟ್ಟೆ ಬದಲಾಯಿಸಿದ ಕೈ ಕಣೋ ಇದು, ಇದನ್ನ ಹಿಡಿದು ಆಚೆ ಹಾಕಿಸ್ತೀಯಾ? ಬಾ ಇಲ್ಲಿ. ಕೂತ್ಕೋ. ಬಾಯಿ ತೆಗಿ" ಎಂದು ಸೊಂಟದ ಗಂಟಿನಿಂದ ನಿಮ್ಮ ಬೆಂಬಾದವರು ಇಷ್ಟಪಟ್ಟು ತಿನ್ನುವ ಒಣ ಕಂಬಳಿಹುಳು ತೆಗೆದು, ಸೂಟು ಹಾಕಿದ ನನ್ನ ಮಗನ ಬಾಯಿಗೆ ತುರುಕಿದೆ. "ಅಗಿ. ನುಂಗು. ಇನ್ನು ನಿನ್ನ ಹೊಟ್ಟೇಲಿ ಒಂದು ಚೂರು ಬೆಂಬಾ ಇದೆ, ಇನ್ನು ಮೇಲಾದ್ರೂ ಬುದ್ಧಿ ಬರುತ್ತೆ. ಈಗ ಓಡು, ನಿಮ್ಮಪ್ಪನ ಕೋಟು, ಕನ್ನಡಕ ತಗೊಂಡು ಬಾ." ಅವನು ಅಗಿಯುತ್ತಲೇ ಓಡಿದ. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಅಪ್ಪ ಸತ್ತ ಮೇಲೆ ಅವನು ನಕ್ಕದ್ದು ಅದೇ ಮೊದಲು.

ನೀನು ಅವರ ಕಂದು ಕೋಟು ತೊಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮೈಕಿನ ಮುಂದೆ ನಿಂತು ಎರಡು ಸಲ ಊದಿದೆ. ಗಂಟಲು ಸರಿಮಾಡಿಕೊಂಡೆ. ಆ ಕೆಮ್ಮು ಅವರದೇ! ಎಲ್ಲಿಂದ ಕಲಿತಿದ್ದೆಯೋ ಮಹಾತಾಯಿ, ಮೈದಾನದಲ್ಲಿದ್ದವರೆಲ್ಲ ಒಮ್ಮೆಗೇ ನೆಟ್ಟಗಾದರು.

"ಹಲೋ, ಹಲೋ. ಮಾನ್ಯರೇ, ಎಲ್ಲರೂ ಎದ್ದು ನಿಲ್ಲಿ. ಬೇಡ, ಕೂತ್ಕೊಳ್ಳಿ. ನಮ್ಮ ಅತಿಥಿಗಳಲ್ಲಿ ಎದ್ದು ನಿಲ್ಲೋ ಪದ್ಧತಿ ಇದೆಯೋ ಇಲ್ವೋ ನಾನು ಸೈಕಲಲ್ಲಿ ಹೋಗಿ ಕೇಳ್ಕೊಂಡು ಬರ್ತೀನಿ. ಅಲ್ಲೀತನಕ ದಯವಿಟ್ಟು ಎಲ್ಲರೂ ಅರ್ಧ ಎದ್ದು ನಿಂತಿರಿ."

ಜನ ಹೊಟ್ಟೆ ಹಿಡಿದುಕೊಂಡರು. ಮೇಯರ್ ನಿಜವಾಗಿಯೂ ಅರ್ಧ ಎದ್ದು ನಿಂತಿದ್ದರು.

"ಈಗಿನ ಸಮಾಚಾರ ಏನಪ್ಪಾ ಅಂದ್ರೆ, ಯೋತಾಮು ಜೆರೆ ಎಂಬ ಇಲಿ ಹಿಡಿಯೋನು ಸ್ವರ್ಗದ ಬಾಗಿಲಲ್ಲಿ ನಿಂತಿದಾನೆ. ಬಾಗಿಲು ತೆಗೆದ್ರೂ ಒಳಗೆ ಹೋಗ್ತಿಲ್ಲ. 'ನಿಮ್ಮಲ್ಲಿ ಇದನ್ನ ಹೇಗೆ ಮಾಡ್ತೀರಿ? ಬೂಟು ಬಿಚ್ಚಬೇಕಾ?' ಅಂತ ಕೇಳ್ತಿದಾನೆ. ದೇವರಿಗೇ ಗಾಬರಿ. ಇಷ್ಟು ವರ್ಷದಲ್ಲಿ ಯಾರೂ ಆ ದೇವರ ಹತ್ರ ಹೀಗೆ ಕೇಳಿಲ್ಲ. ಸ್ವಾಮಿ, ಬೂಟು ಬಿಚ್ಚು ಅಂತ ಮಾತ್ರ ಹೇಳಬೇಡಿ. ಆ ಕಾಲುಚೀಲ ನಾನು ನೋಡಿದೀನಿ!"

ಆಗ ನಾನು ನಕ್ಕೆ. ಚಾಪೆಯ ಮೇಲೆ ಕೂತ ವಿಧವೆ ಎಂಬುದನ್ನೂ ಮರೆತು, ತಲೆ ಎತ್ತಿ ಜೋರಾಗಿ ನಕ್ಕೆ. ನಗು ಎಲ್ಲಿ ಮುಗಿಯಿತೋ, ಅಳು ಎಲ್ಲಿ ಶುರುವಾಯಿತೋ ನನಗೆ ಗೊತ್ತಾಗಲಿಲ್ಲ. ಎದೆಯ ಕಲ್ಲು ಉರುಳಿ ಹೋಯಿತು. ಮೇಯರ್ ಹೊಗಳಿದ ಮಹಾನುಭಾವ ಯಾರೋ ಏನೋ, ಆ ತೂತು ಕಾಲುಚೀಲದವರು ನನ್ನವರು. ಅವರು ಹೋದರು ಎಂಬುದು ನನಗೆ ಆಗ ಅರ್ಥವಾಯಿತು. ನೀನು ಮೈಕು ಬಿಟ್ಟು ಬಂದು, ಅವರ ಕೋಟಿನಲ್ಲೇ ನನ್ನನ್ನು ತಬ್ಬಿಕೊಂಡೆ. ಅವರ ವಾಸನೆಯಿತ್ತು ಅದರಲ್ಲಿ. "ಅಳೇ, ಇಲಿಮರಿ, ಚೆನ್ನಾಗಿ ಅಳು" ಎಂದೆ. ಇಷ್ಟು ದೊಡ್ಡ ಉಪಕಾರವನ್ನು ನನಗೆ ನನ್ನ ತಾಯಿ ಬಿಟ್ಟರೆ ಬೇರೆ ಯಾರೂ ಮಾಡಿಲ್ಲ.

ತಬ್ಬಿಕೊಂಡಾಗ ಕೋಟಿನೊಳಗೆ ನೀನು ಸಿಗಲೇ ಇಲ್ಲ ಕಣೇ. ಕಸಾಮಾದ ಚಳಿಗೆ ಒಮ್ಮೆ ಅದೇ ಕೋಟು ತೊಟ್ಟಿದ್ದಾಗ ನಿನ್ನ ಮೈಗೆ ಅದರ ಗುಂಡಿಯೇ ಕೂಡಿರಲಿಲ್ಲ. ಈಗ ಅದರಲ್ಲಿ ಇನ್ನೊಬ್ಬರಿಗೆ ಜಾಗವಿತ್ತು. ನಾನು ಕೇಳಿದ್ದಕ್ಕೆ ನೀನು, "ವಯಸ್ಸಾದ ಮೇಲೆ ಕೋತಿ ಸಿಗಲ್ವಲ್ಲ, ಮರ ಹತ್ತೋಕಾಗಲ್ಲ" ಎಂದೆ.

ಪೆಟ್ಟಿಗೆ ಎತ್ತಿದರು. ಮುಂದೆ ನೀನು, ನಿನ್ನ ಪಕ್ಕದಲ್ಲಿ ಬೀಗರು, ಇಲಿಯ ದಾರ ಹಿಡಿದು ಹಿಂದೆ ವೇಜಿ. ಗುಂಡಿಯ ಹತ್ತಿರ, ಇವಳೀಗ ಇಳಿದು ಮಲಗುತ್ತಾಳೆ, ಏಳಿಸಲು ಏನೇನು ಕೇಳುತ್ತಾಳೋ ಎಂದು ಜನ ಕಾಯುತ್ತಿದ್ದರು. ನಾನು ಬೀಗರಿಗೆಂದು ಕೊಯ್ಯಿಸಿದ್ದರಲ್ಲೇ ಒಂದು ಕೋಳಿ ಹುರಿಸಿಯೇ ಇಟ್ಟಿದ್ದೆ. ನೀನು ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತೆ ಅಷ್ಟೇ. "ಮಲಗಲ್ಲ ಕಣ್ರೋ. ಮಲಗಿದ್ರೆ ಏಳೋಕೆ ಮನಸ್ಸಾಗಲ್ಲ" ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಕೋಳಿಯನ್ನು ನೀನು ತಿನ್ನದೆ ಬೀಗರಿಗೆ ಕೊಟ್ಟುಬಿಟ್ಟೆ. ರಾತ್ರಿ ಊಟಕ್ಕೂ ಗಂಜಿಯ ತಿಳಿ ಮಾತ್ರ ಕುಡಿದೆ. ಬಸ್ಸು ಹೊಟ್ಟೆ ಕೆಡಿಸಿದೆ ಎಂದೆ.

ಹೊರಡುವಾಗ ಕೋಟನ್ನು ನಿನ್ನ ಹಕ್ಕೆಂದು ತೊಟ್ಟುಕೊಂಡೇ ಬಸ್ಸು ಹತ್ತಿ, ಕಿಟಕಿಯಿಂದ, "ಸರಿ ಕಣೇ, ಇನ್ನು ನಿನ್ನ ಸರದಿ. ಬರೋದು ತಡ ಮಾಡಬೇಡ" ಎಂದೆ. ನಾನು, "ನೀನು ಮೊದಲು ಸಾಯಿ, ಆಮೇಲೆ ನೋಡೋಣ" ಎಂದೆ. ಪಕ್ಕದ ಸೀಟಿನವರು ಗಾಬರಿಯಾದರು. ನೀನು ಬಸ್ಸು ತಿರುಗುವ ತನಕ ಕೈಬೀಸಿದೆ.

ಬೀಗರು ತಬೋರಾ ಮುಟ್ಟಿದ ಮೇಲೆ ವಾರಕ್ಕೊಮ್ಮೆ ಮಗಳಿಗೆ ಫೋನು ಮಾಡಿ, "ಆ ಬೈಯುವ ತಾಯಿ ಹೇಗಿದಾರೆ?" ಎಂದು ಕೇಳುತ್ತಾರಂತೆ. ನಮ್ಮ ಮನೆಗೆ ಮಗಳನ್ನು ಕೊಟ್ಟದ್ದು ಒಳ್ಳೆಯದಾಯಿತು ಎಂದು ಈಗ ಸಮಾಧಾನವಂತೆ. ವೇಜಿಗೂ ಒಂದು ಹೊಸ ಅಭ್ಯಾಸ ಬಂದಿದೆ. ಮೊನ್ನೆ ಅವನು ಲುಸಾಕಾದಿಂದ ಬಂದಿದ್ದಾಗ ನಮ್ಮ ಪಕ್ಕದ ಬೀದಿಯಲ್ಲಿ ಒಂದು ಮದುವೆ, ಮಲಾವಿಯಿಂದ ಬಂದವರದು. ಇವನು ಹಿಂದಿನ ದಿನವೇ ಅವರ ಮನೆಗೆ ಹೋಗಿ ಬಂದ. ಏನು ಕೆಲಸವಿತ್ತೋ ಎಂದರೆ, "ಸುಮ್ನೆ ಕೇಳೋಕೆ ಹೋಗಿದ್ದೆ ಅಮ್ಮ" ಎಂದ. ಅವರಪ್ಪನ ಸೈಕಲ್ಲಿನಲ್ಲೇ ಹೋಗಿದ್ದ.

ನಾನು ಕೊಟ್ಟ ಮಾತನ್ನು ನೀನು ಉಳಿಸಿದೆ. ಹೋದವರನ್ನು ಅವರಿಗೆ ಬೇಕಾದ ಹಾಗೇ ಕಳಿಸಿಕೊಟ್ಟೆ. ನನ್ನ ಕಣ್ಣೀರನ್ನು ನನಗೆ ಕೊಟ್ಟೆ. ನೀನು ನನಗೆ ಸಿಕ್ಕಿದ್ದು ನನ್ನ ಪುಣ್ಯ ಬನಾ ಚಿಲೆಶೆ. ಒಂದೇ ಸಲ ಹೇಳುತ್ತೇನೆ, ಮತ್ತೆ ಹೇಳುವವಳಲ್ಲ.

ಇಂತಿ,
ಬೆಕ್ಕಿಗೂ ಉಳಿಸದೆ ತಿನ್ನುವ,
ನಿನ್ನ ಜೊಂಡಿವೆ

ತಾಜಾ ಕಲಂ: ಚಿಲೆಶೆ ಕಳೆದ ವಾರ ಫೋನು ಮಾಡಿದ್ದಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ನನಗೆ ಹೇಳಬಾರದೆಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದೆಯಂತೆ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಎರಡು ದಿನ ಬಸ್ಸಿನಲ್ಲಿ ಬಂದೆಯಾ ಕಳ್ಳಿ? ನಿನ್ನನ್ನು ಬೈಯಲು ನೀನು ಸಾಯುವ ತನಕ ನಾನು ಕಾಯುವುದಿಲ್ಲ. ಈ ಪತ್ರ ಬಸ್ಸಿನ ಚಾಲಕನ ಕೈಲಿ ಮುಂದೆ ಹೋಗುತ್ತದೆ, ಶುಕ್ರವಾರದ ಬಸ್ಸಿಗೆ ನಾನು ಹಿಂದೆಯೇ ಬರುತ್ತೇನೆ. ಇಲಿಗಳನ್ನು ಸುಟ್ಟು ಒಣಗಿಸಿ ಕಡ್ಡಿಗೆ ಸಿಕ್ಕಿಸಿಯಾಗಿದೆ. ಹಾಸಿಗೆಯ ಪಕ್ಕದಲ್ಲೇ ಚಾಪೆ ಹಾಕಿಕೊಂಡು, ನೀನು ಬೇಲಿಯ ಮೇಲೆ ಕತ್ತು ಚಾಚಿದ ಆ ಮೊದಲ ದಿನದಿಂದ ಶುರುಮಾಡಿ ಒಂದೊಂದೇ ಬೈಯುತ್ತೇನೆ, ಎಷ್ಟು ದಿನ ಬೇಕಾದರೂ ಆಗಲಿ. ಮ್ವಿಲಾ, ಯೋತಾಮು ಇಬ್ಬರೂ ಬೈಸಿಕೊಂಡು ಸುಮ್ಮನೆ ಮಲಗಿದ್ದರು. ನೀನು ಹಾಗೆ ಮಾಡಬೇಡ. ಕೋಟು ತೊಟ್ಟು ದಿಂಬಿಗೊರಗಿ ಕೂತಿರು, ತಿರುಗಿ ಬೈಯಲು ಉಸಿರು ಉಳಿಸಿಕೊಂಡಿರು.